ಮಿಲಿಟರಿ ಲಾರಿಗೊಂದು ಹಗ್ಗ

ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಒಂದು ಏರು ಇದೆ. ಅದನ್ನು ಹತ್ತುವಾಗ ನಡುವೆ ನಿಲ್ಲುವ ಅಭ್ಯಾಸ ಇತ್ತೀಚೆಗೆ ನನಗೆ ಅಂಟಿಕೊಂಡಿದೆ. ನಿಂತವನು ಬರಿದೇ ನಿಲ್ಲುವುದಿಲ್ಲ. ಚಪ್ಪಲಿಯ ಬಾರು ಸರಿಮಾಡುತ್ತೇನೆ, ಈ ವರ್ಷ ಹಲಸು ಬಿಟ್ಟಿದೆಯೇ ಎಂದು ಮರ ನೋಡುತ್ತೇನೆ, ಇಲ್ಲದ ಕೆಮ್ಮನ್ನು ಕೆಮ್ಮುತ್ತೇನೆ. ನಿಲ್ಲುವುದಕ್ಕೂ ಒಂದು ಮರ್ಯಾದೆಯ ಕಾರಣ ಬೇಕಷ್ಟೆ? ಈ ವಿದ್ಯೆಯನ್ನು ನಾನು ಕಲಿತದ್ದು ಒಂದು ಲಾರಿಯ ದೆಸೆಯಿಂದ ಎಂದರೆ ನೀವು ನಗುತ್ತೀರಿ. ನಗಿ, ಆದರೆ ಕಥೆ ಕೇಳಿದ ಮೇಲೆ ನಗಿ.

ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಂದರೆ ಬುದ್ಧಿ ಹೇಳುವವರು ಮನೆಯಲ್ಲಿ ಒಬ್ಬರು ಕಡಿಮೆ ಇದ್ದರು. ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಸೈನ್ಯಕ್ಕೆ ಬೇಡವಾದ ಲಾರಿಗಳು ಹರಾಜಾಗಿ ಮೈಸೂರಿನ ಹೊರಗೆ ಒಂದು ಬಯಲಿನಲ್ಲಿ ಮಾರಾಟಕ್ಕೆ ನಿಂತಿವೆ ಎಂಬ ಸುದ್ದಿಯನ್ನು ತಂದವನು ಪುತ್ತೂರಿನ ಒಬ್ಬ ಬಸ್ ಡ್ರೈವರ್. ನಾನು ಡ್ರೈವಿಂಗ್ ಕಲಿತದ್ದೂ ಆ ಪುಣ್ಯಾತ್ಮನ ಕೈಯಲ್ಲೇ. ಅವನು ಸುದ್ದಿ ಹೇಳಿ ಬೀಡಿ ಹಚ್ಚಿಕೊಂಡು ಹೋದ, ನನಗೆ ಊಟ ಸೇರದಾಯಿತು. ಆ ಕಾಲದಲ್ಲಿ ನಮ್ಮ ಜಾಲ್ಸೂರಿನ ಕಡೆಯಿಂದ ಒಂದು ಮೂಟೆ ಅಡಿಕೆ ಪುತ್ತೂರಿಗೆ ಹೋಗಬೇಕಾದರೂ ಎತ್ತಿನ ಗಾಡಿಯೇ ಗತಿ. ಕಡಬದ ಕಡೆಯಿಂದ ಬಿದಿರು ತರಲು ಹೋದ ಗಾಡಿಯವನು ದಾರಿಯಲ್ಲೇ ಒಂದು ಸಂಸಾರ ಹೂಡಿ ಬರುವಷ್ಟು ಹೊತ್ತು ಹಿಡಿಯುತ್ತಿತ್ತು. ಅಂಥ ಊರಿನಲ್ಲಿ ಒಂದು ಲಾರಿ, ಅದೂ ನನ್ನ ಲಾರಿ! ಕಣ್ಣು ಮುಚ್ಚಿದರೆ ಹಾರನ್ ಕೇಳಿಸುತ್ತಿತ್ತು.

ಆದರೆ ಕಣ್ಣು ತೆರೆದರೆ ಎದುರಿಗೆ ದೊಡ್ಡಪ್ಪ. ನಮ್ಮದು ಕೂಡುಕುಟುಂಬ, ದೊಡ್ಡಪ್ಪ ಅದರ ಯಜಮಾನರು. ಅವರ ಒಪ್ಪಿಗೆ ಇಲ್ಲದೆ ನಮ್ಮ ಮನೆಯಲ್ಲಿ ಬೆಕ್ಕು ಕೂಡ ಮರಿ ಹಾಕುತ್ತಿರಲಿಲ್ಲ. ಎತ್ತುಗಳ ವಿಷಯದಲ್ಲಂತೂ ಸುತ್ತಿನ ಊರುಗಳಿಗೆ ಅವರೇ ಹೈಕೋರ್ಟು. ಸುಳಿ ನೋಡಿ ಸ್ವಭಾವ, ಹಲ್ಲು ನೋಡಿ ವಯಸ್ಸು, ಬಾಲ ಮುಟ್ಟಿ ಭವಿಷ್ಯ ಹೇಳುವವರು. ಎತ್ತು ಕೊಳ್ಳುವುದಕ್ಕೆ ನಮ್ಮ ಮನೆಯಲ್ಲಿ ಎರಡು ಕ್ರಮಗಳಿದ್ದವು. ಮಾರಿದವನ ಹಗ್ಗ ಮಾರಿದವನಿಗೇ ಸೇರಬೇಕು. ಕೊಂಡವನು ಮನೆಯಿಂದ ಹೊಸ ಹಗ್ಗ ಒಯ್ದು ಕಟ್ಟಿ, ಅದನ್ನು ಹಿಡಿದೇ ಅಂಗಳಕ್ಕೆ ತರಬೇಕು. ಇದು ಒಂದನೆಯದು. ಇನ್ನೊಂದು, ಮನೆಗೆ ಬರುವ ದಾರಿಯಲ್ಲಿ ತಾನಾಗಿ ಮಲಗಿದ ಎತ್ತನ್ನು ಹಟ್ಟಿಗೆ ಸೇರಿಸಬಾರದು. ಮೊದಲ ದಿನವೇ ಮಲಗಿದ್ದು ಕೊನೆಯವರೆಗೂ ಮಲಗುತ್ತದೆ ಎಂಬುದು ಇದರ ಶಾಸ್ತ್ರಾಧಾರ.

ನಾನು ಹೆದರುತ್ತಲೇ ಲಾರಿಯ ಮಾತೆತ್ತಿದೆ. ದೊಡ್ಡಪ್ಪ ಎಲೆಗೆ ಸುಣ್ಣ ಹಚ್ಚಿ, ಮಡಿಸಿ, ಬಾಯಿಗಿಟ್ಟ ಮೇಲೆ ಮಾತಾಡಿದರು. ನಮ್ಮ ಮನೆಯ ಮಾತು ಅರೆಭಾಷೆ. ನಿಮಗಾಗಿ ಕನ್ನಡ ಮಾಡಿ ಹೇಳುತ್ತೇನೆ.

"ಆಗಲಿ. ಆದರೆ ಎತ್ತಿಗೆ ಯಾವ ಕ್ರಮವೋ ಲಾರಿಗೂ ಅದೇ. ನಾನೂ ಬರ್ತೇನೆ. ದಾರಿಯಲ್ಲಿ ಅದು ತಾನಾಗಿ ಒಂದು ಸಲ ನಿಂತಿತಾ, ಅದನ್ನು ಅಲ್ಲೇ ಬಿಟ್ಟು ನಾವು ಬಸ್ಸಿನಲ್ಲಿ ಬರುದು. ಮತ್ತೆ ಲಾರಿ ಗೀರಿ ಅಂತ ನನ್ನ ಹತ್ರ ಮಾತಾಡ್ಲಿಕ್ಕಿಲ್ಲ."

ಮರುದಿನ ಅವರು ಇದನ್ನು ನೆರೆಯ ಶೆಟ್ಟರ ಹತ್ತಿರವೂ ಹೇಳಿಬಿಟ್ಟರು. ಶೆಟ್ಟರಿಗೆ ಹೇಳುವುದೂ ಡಂಗುರ ಹೊಡೆಸುವುದೂ ಒಂದೇ. ಊರಿಗೆ ಊರೇ ನನ್ನ ಲಾರಿ ಎಲ್ಲಿ ಮಲಗುತ್ತದೆ ಎಂದು ಲೆಕ್ಕ ಹಾಕತೊಡಗಿತು. ಮಡಿಕೇರಿಯವರೆಗೂ ಬರಲಾರದು ಎಂಬವರೇ ಹೆಚ್ಚು. ದೊಡ್ಡಪ್ಪ ಮಾತ್ರ ಹೊಸ ಹಗ್ಗದ ಸುರುಳಿಯನ್ನು ಚೀಲದಲ್ಲಿಟ್ಟುಕೊಂಡು ಗಂಭೀರವಾಗಿ ಮೈಸೂರಿನ ಬಸ್ಸು ಹತ್ತಿದರು.

ಬಯಲಿನಲ್ಲಿ ಹಸಿರು ಲಾರಿಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಗಾಜಿಲ್ಲ, ಒಂದಕ್ಕೆ ಬಾಗಿಲಿಲ್ಲ, ಇನ್ನೊಂದರ ಒಳಗೆ ಹುಲ್ಲು ಬೆಳೆದಿತ್ತು. ಯುದ್ಧ ಮಾಡಿ ಬಂದ ಸಿಪಾಯಿಗೆ ಪಿಂಚಣಿಯಾದರೂ ಇದೆ, ಲಾರಿಗೆ ಏನಿದೆ? ಕೊನೆಯ ಸಾಲಿನಲ್ಲಿ ನನ್ನದು ನಿಂತಿತ್ತು. ಕೊಳ್ಳುವ ಮೊದಲೇ ಅದು ನನ್ನದು ಎಂದು ನನಗೆ ಹೇಗೆ ತಿಳಿಯಿತೆಂದು ಕೇಳಬೇಡಿ. ಹೆಣ್ಣು ನೋಡಲು ಹೋದವರಿಗೆ ತಿಳಿಯುವುದಿಲ್ಲವೇ, ಹಾಗೆ.

"ಬರ್ಮಾ ನೋಡ್ಕೊಂಡು ಬಂದಿರೋ ಗಾಡಿ ಸ್ವಾಮಿ ಇದು!" ಎಂದ ಮಾರುವವನು.

"ಬರ್ಮಾದಿಂದ ನಡೆದುಕೊಂಡು ಬಂದದ್ದಾ, ಹಡಗಿನಲ್ಲಿ ಬಂದದ್ದಾ?" ಎಂದು ದೊಡ್ಡಪ್ಪ ಕೇಳಿದರು. ದೊಡ್ಡಪ್ಪ ಲಾರಿಗೆ ಒಂದು ಸುತ್ತು ಬಂದರು. ಬೆನ್ನು ತಟ್ಟಿದರು, ಟೈರಿನ ಸಂದಿಗೆ ಬೆರಳು ಹಾಕಿದರು, ರೇಡಿಯೇಟರಿನ ಕಂಬಿಗಳನ್ನು ಹಲ್ಲು ನೋಡಿದ ಹಾಗೆ ನೋಡಿದರು. ಆಗ ಬಾನೆಟ್ಟಿನ ಮೇಲೆ ಬಣ್ಣ ಸುಲಿದ ಕಡೆ ಒಂದು ಬಿಳಿಯ ನಕ್ಷತ್ರ ಅವರ ಕಣ್ಣಿಗೆ ಬಿತ್ತು. ಯಾವುದೋ ದೂರದೇಶದ ಸೈನ್ಯದ ಗುರುತು ಅದು. ದೊಡ್ಡಪ್ಪ ಅದನ್ನು ಹೆಬ್ಬೆರಳಿನಿಂದ ಉಜ್ಜಿ, "ಹಣೆಯಲ್ಲಿ ಚುಕ್ಕಿ ಉಂಟು. ಒಳ್ಳೆ ಜಾತಿ" ಎಂದರು. ವ್ಯಾಪಾರ ಮುಗಿಯಿತು. ಚೀಲದಿಂದ ಹೊಸ ಹಗ್ಗ ತೆಗೆದು ಅವರೇ ಮುಂದಿನ ಬಂಪರಿಗೆ ಗಂಟು ಹಾಕಿದರು. ಮಾರುವವನು ಕಣ್ಣು ಬಿಟ್ಟು ನೋಡುತ್ತಿದ್ದ. ನಾನು ಹ್ಯಾಂಡಲ್ ಹಾಕಿ ತಿರುಗಿಸಿದೆ. ಒಂದು ಗುಟುರು, ಒಂದು ಮೋಡದಷ್ಟು ಹೊಗೆ, ಆಮೇಲೆ ಇಡೀ ಲಾರಿ ನಡುಗಿತು. ಅದಕ್ಕಿಂತ ಹೆಚ್ಚು ನಾನು ನಡುಗಿದೆ. ಅಷ್ಟು ಸಂತೋಷ ನನಗೆ ಮುಂದೆ ನನ್ನ ಮದುವೆಯಲ್ಲೂ ಆಗಲಿಲ್ಲ. ಇದನ್ನು ನನ್ನಾಕೆಗೆ ಹೇಳಬೇಡಿ.

ಒಂದು ವಿಷಯ ಹೇಳುವುದು ಮರೆತೆ. ಆ ಲಾರಿಯ ಸ್ಟಿಯರಿಂಗ್ ಎಡಗಡೆ ಇತ್ತು. ನಮ್ಮ ದೇಶದಲ್ಲಿ ಡ್ರೈವರ್ ಕೂರುವ ಬಲಗಡೆಯ ಸೀಟಿನಲ್ಲಿ ದೊಡ್ಡಪ್ಪ ಕುಳಿತರು. ಮುಂದೆ ಎತ್ತಿನ ಗಾಡಿ ಅಡ್ಡ ಬಂದರೆ ಅದರ ಆಚೆಗೆ ದಾರಿ ಖಾಲಿ ಇದೆಯೇ ಎಂದು ನನಗೆ ಕಾಣುವುದಿಲ್ಲ. ಅವರೇ ತಲೆ ಹೊರಗೆ ಹಾಕಿ ನೋಡಿ ಹೇಳಬೇಕು. ತಿರುಗುವಾಗಲೂ ನಿಲ್ಲುವಾಗಲೂ ಕೈ ಹೊರಗೆ ಹಾಕಿ ತೋರಿಸಬೇಕಾದವರೂ ಅವರೇ. ಹುಣಸೂರು ಬರುವುದರೊಳಗೆ ದೊಡ್ಡಪ್ಪ ಈ ವಿದ್ಯೆಯಲ್ಲಿ ಪಳಗಿಬಿಟ್ಟರು. ಅವರು ಕೈ ಚಾಚಿದ ಮೇಲೆಯೇ ಲಾರಿ ತಿರುಗುತ್ತಿತ್ತಾದ್ದರಿಂದ, ತಿರುಗಿಸುವುದು ತಮ್ಮ ಕೈಯೇ ಎಂಬ ನಂಬಿಕೆ ಅವರಲ್ಲಿ ಮೆಲ್ಲನೆ ಬೇರುಬಿಟ್ಟಿತು.

ದಾರಿಯವರೂ ಅದನ್ನೇ ನಂಬಿದ್ದರು. ಎದುರು ಬಂದ ಬಸ್ಸಿನ ಡ್ರೈವರುಗಳು ಬಲಗಡೆ ನೋಡಿ ದೊಡ್ಡಪ್ಪನಿಗೆ ಕೈ ಎತ್ತಿದರು. ಹೋಟೆಲಿನವನು ಅವರಿಗೆ ಹಿತ್ತಾಳೆಯ ಲೋಟದಲ್ಲಿ ಕಾಫಿ ತಂದಿಟ್ಟು, ನನ್ನನ್ನು ಕ್ಲೀನರ್ ಎಂದು ಭಾವಿಸಿ ಕಂಠ ಮುರಿದ ಲೋಟದಲ್ಲಿ ಕೊಟ್ಟ. ದೊಡ್ಡಪ್ಪ ಅದನ್ನು ಕಂಡೂ ಕಾಣದವರಂತೆ ಕುಡಿದರು. ಅವರ ಮುಂಡಾಸು ಬೆಳಿಗ್ಗೆಗಿಂತ ತುಸು ಓರೆಯಾಗಿತ್ತು. ಡ್ರೈವರುಗಳ ಟೊಪ್ಪಿಯ ಓರೆ ಅದು.

ಕಾವೇರಿ ದಾಟಿದ ಮೇಲೆ ಮಡಿಕೇರಿಯ ಏರು ಶುರುವಾಯಿತು. ನನ್ನ ಸಂಕಟವೂ. ಲಾರಿ ಬಿಸಿಯಾಗಿ ಉಸ್ಸೆನ್ನತೊಡಗಿತು, ಬಾನೆಟ್ಟಿನ ಸಂದಿಯಿಂದ ಆವಿ ಎದ್ದಿತು. ಇನ್ನೊಂದು ತಿರುವು ಹೋದರೆ ತಾನಾಗಿ ನಿಲ್ಲುತ್ತದೆ ಎಂದು ನನಗೆ ಗೊತ್ತಾಯಿತು. ರಸ್ತೆಯ ಬದಿಯಲ್ಲಿ ಒಂದು ತೊರೆ ಕಂಡದ್ದೇ ಬ್ರೇಕ್ ಹಾಕಿದೆ.

ದೊಡ್ಡಪ್ಪ ನನ್ನನ್ನೇ ನೋಡಿದರು. "ಈಗ ನಿಂತದ್ದಾ, ನಿಲ್ಲಿಸಿದ್ದಾ?"

"ನಿಲ್ಲಿಸಿದ್ದು ದೊಡ್ಡಪ್ಪ. ನೀರು ಕುಡಿಸ್ಲಿಕ್ಕೆ."

ಸುಳ್ಳಲ್ಲ. ಆದರೆ ಅಂಥ ಸತ್ಯವನ್ನು ಹೇಳುವಾಗಲೂ ಕಿವಿ ಬಿಸಿಯಾಗುತ್ತದೆ. ದೊಡ್ಡಪ್ಪ "ಹ್ಞೂಂ" ಎಂದರು, ಇಳಿದು ತಾವೇ ಡಬ್ಬಿಯಲ್ಲಿ ನೀರು ತಂದರು. ದುಡಿದ ಪ್ರಾಣಿಗೆ ನೀರು ಕೊಡುವುದರಲ್ಲಿ ಅವರಿಗೆ ಎಂದೂ ತಕರಾರಿರಲಿಲ್ಲ.

ಆಗಿನ ಕಾಲದಲ್ಲಿ ಮೈಸೂರು ಒಂದು ರಾಜ್ಯ, ಕೊಡಗು ಇನ್ನೊಂದು, ನಮ್ಮ ಊರು ಮದ್ರಾಸಿನದು. ಬೆಳಿಗ್ಗೆ ಹೊರಟು ಮೂರು ರಾಜ್ಯ ಸುತ್ತಿದ ಚಕ್ರವರ್ತಿಗಳು ನಾವು. ಘಾಟಿ ಇಳಿದು ಸಂಪಾಜೆಗೆ ಬಂದಾಗ ಗೇಟಿನಲ್ಲಿ ಪೊಲೀಸಿನವನು ತಡೆದ. ನಮ್ಮ ಕಡೆ ಪಾನನಿರೋಧ, ಆಚೆ ಕಡೆ ಇಲ್ಲ. ಹಾಗಾಗಿ ಅವನ ಮೂಗಿಗೆ ಬಹಳ ಕೆಲಸ. ಅವನು ನೇರ ಬಲಗಡೆಗೆ ಬಂದು, "ಲೈಸೆನ್ಸ್ ತೋರಿಸಿ" ಎಂದ.

ದೊಡ್ಡಪ್ಪ ಒಂದಿಷ್ಟೂ ಅಳುಕಲಿಲ್ಲ. "ಲೈಸೆನ್ಸ್ ಅವನ ಹತ್ರ ಇಟ್ಟಿದ್ದೇನೆ" ಎಂದು ಗದ್ದದಿಂದ ನನ್ನ ಕಡೆ ತೋರಿಸಿದರು. ಪೊಲೀಸಿನವನು ಒಳಗೆ ಇಣುಕಿ ನೋಡಿದ, ಅವರ ಎದುರಿಗೆ ಸ್ಟಿಯರಿಂಗ್ ಇಲ್ಲ. ಆಚೆಗೆ ನೋಡಿದ, ಅದು ನನ್ನ ಕೈಯಲ್ಲಿದೆ. ಅವನ ಮೂಗು ಆ ದಿನ ಏನನ್ನೂ ಹುಡುಕಲಿಲ್ಲ, ನಗುತ್ತ ಗೇಟು ಎತ್ತಿಸಿದ.

ಸುಳ್ಯ ದಾಟಿತು. ಪೇಟೆಯ ಜನ ಅಂಗಡಿಗಳಿಂದ ಹೊರಗೆ ಬಂದು ನೋಡಿದರು. ನಾನು ಬೇಕಿಲ್ಲದಿದ್ದರೂ ಹಾರನ್ ಹೊಡೆದೆ, ದೊಡ್ಡಪ್ಪ ಬೇಕಿಲ್ಲದಿದ್ದರೂ ಕೈ ಚಾಚಿದರು. ಜಾಲ್ಸೂರಿನಲ್ಲಿ ನಮ್ಮ ಮಣ್ಣಿನ ದಾರಿಗೆ ತಿರುಗಿಸಿದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ನಮ್ಮ ಹಿಂದೆ ಬಂದ ಬಸ್ಸಿಗೆ ಸುಳ್ಯದಲ್ಲಿ ದಾರಿ ಬಿಟ್ಟಿದ್ದೆ, ಅದು ಸುದ್ದಿಯನ್ನು ನಮಗಿಂತ ಮುಂಚೆ ಮುಟ್ಟಿಸಿತ್ತು. ಮನೆಯ ಹತ್ತಿರದ ಏರಿನ ಉದ್ದಕ್ಕೂ ಜನ. ಎಲ್ಲರಿಗಿಂತ ಮುಂದೆ ಶೆಟ್ಟರು.

ಗೆದ್ದೆ ಎಂದುಕೊಂಡೆ. ಹಾಗೆಂದುಕೊಂಡದ್ದೇ ತಪ್ಪಾಯಿತೇನೋ. ಏರಿನ ನಡುವೆ, ಮನೆಯ ಹೆಂಚು ಕಾಣುವಲ್ಲಿ, ಲಾರಿ ಎರಡು ಸಲ ಕೆಮ್ಮಿತು. ಮೂರನೆಯ ಸಲ ಕೆಮ್ಮಲಿಲ್ಲ. ತಾನಾಗಿ ನಿಂತೇಹೋಯಿತು.

ನಾನು ಬ್ರೇಕನ್ನು ಒತ್ತಿ ಹಿಡಿದು ಕುಳಿತೆ. ದೊಡ್ಡಪ್ಪನ ಕಡೆಗೆ ನೋಡುವ ಧೈರ್ಯವಾಗಲಿಲ್ಲ. ಇಲ್ಲೇ ಬಿಟ್ಟು ಇಳಿಯಬೇಕು, ಮತ್ತೆ ಮಾತಿಲ್ಲ. ಅವರು ಆಡಿದ ಮಾತಿಗೆ ತಪ್ಪಿದವರಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಶೆಟ್ಟರು ಬಲಗಡೆಯ ಬಾಗಿಲಿನ ಹತ್ತಿರ ಬಂದರು. "ಎಂತ ಗೌಡ್ರೆ, ಮನೆ ಕಾಣುವಾಗ ಮಲಗಿಯೇ ಬಿಟ್ಟಿತಾ?"

ದೊಡ್ಡಪ್ಪ ಮುಂಡಾಸು ಸರಿಮಾಡಿಕೊಂಡರು. ಆಮೇಲೆ ಅವರ ಬಲಗೈ ಮೆಲ್ಲನೆ ಕಿಟಕಿಯಿಂದ ಹೊರಗೆ ಹೋಯಿತು. ಬೆಳಗ್ಗಿನಿಂದ ಕಲಿತ, ನಿಲ್ಲುವುದಕ್ಕೆ ತೋರಿಸುವ ಕೈ.

"ಮಲಗುದು ಎಂತದು ಶೆಟ್ರೆ? ನಾನು ನಿಲ್ಲಿಸಿದ್ದು. ಕೈ ತೋರಿಸಿದ್ದು ಕಾಣುದಿಲ್ವಾ ನಿಮಗೆ? ಹೊಸತನ್ನು ಹಗ್ಗ ಹಿಡಿದೇ ಅಂಗಳಕ್ಕೆ ತರುದು ನಮ್ಮ ಮನೆಯ ಕ್ರಮ. ಸುಮ್ಮನೆ ನೋಡಿಕೊಂಡು ನಿಂತದ್ದೆಂತ ಮಾರಾಯ್ರೆ, ಹಿಡಿಯಿರಿ ಹಗ್ಗ!"

ಹಿಡಿದರು. ಮಡಿಕೇರಿಯವರೆಗೂ ಬರಲಾರದು ಎಂದವರೆಲ್ಲ ಹಿಡಿದರು, ಶೆಟ್ಟರೂ ಪಂಚೆ ಎತ್ತಿ ಕಟ್ಟಿ ಹಿಡಿದರು. ಹಗ್ಗಕ್ಕೆ ಕೈ ಸಿಗದವರು ಹಿಂದಿನಿಂದ ದೂಡಿದರು. ಹೋ ಎಂದು ಕೂಗುತ್ತ ಏರನ್ನು ಹತ್ತಿಸಿಯೇಬಿಟ್ಟರು. ಮುಂದೆ ಅಂಗಳದವರೆಗೆ ಇಳಿಜಾರು. ದೊಡ್ಡಪ್ಪ ಎಲ್ಲರನ್ನೂ ಬದಿಗೆ ಸರಿಸಿ ಹಗ್ಗದ ತುದಿಯನ್ನು ಒಬ್ಬರೇ ಹಿಡಿದು ಮುಂದೆ ನಡೆದರು. ಬರ್ಮಾ ಕಂಡ ಆ ಲಾರಿ, ಹಣೆಯ ಚುಕ್ಕಿಯನ್ನು ಬಿಸಿಲಿಗೆ ತೋರಿಸುತ್ತ, ಸಾಧು ಎತ್ತಿನ ಹಾಗೆ ಅವರ ಹಿಂದೆ ಇಳಿಯಿತು. ನಾನು ಎರಡು ಕಾಲಲ್ಲೂ ಬ್ರೇಕ್ ಮೆಟ್ಟಿಕೊಂಡು ಮನಸ್ಸಿನಲ್ಲೇ ಎಲ್ಲ ದೈವಗಳನ್ನೂ ಕರೆಯುತ್ತಿದ್ದೆ ಎಂಬುದು ಯಾರಿಗೂ ಗೊತ್ತಿಲ್ಲ. ಅಂಗಳದಲ್ಲಿ ದೊಡ್ಡವ್ವ, ಹೊಸ ಎತ್ತಿಗೆ ಮಾಡುವ ಹಾಗೆ, ಕಾಲು ತೊಳೆಯಲು ಚೆಂಬು ಹಿಡಿದು ನಿಂತಿದ್ದರು. "ಇದಕ್ಕೆ ಕಾಲು ಎಷ್ಟು ಮಾರಾಯ? ಒಂದು ಚೆಂಬು ಸಾಕಾ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಜನವೆಲ್ಲ ಬೆಲ್ಲ ನೀರು ಕುಡಿದು ಹೋದ ಮೇಲೆ ದೊಡ್ಡಪ್ಪ ನನ್ನ ಹತ್ತಿರ ಬಂದರು. ಹಗ್ಗವನ್ನು ಸುತ್ತುತ್ತ, ಬೇರೆ ಯಾರಿಗೂ ಕೇಳದ ಹಾಗೆ, "ಇನ್ನು ಆ ಏರಿನ ಬುಡದಲ್ಲೇ ನೀರು ಕುಡಿಸು" ಎಂದರು. ಅಷ್ಟೇ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆಂದೂ ಬರಲಿಲ್ಲ.

ಲಾರಿ ಬಹಳ ವರ್ಷ ದುಡಿಯಿತು. ದೊಡ್ಡಪ್ಪ ಈಗಿಲ್ಲ, ಅದೂ ಇಲ್ಲ. ಏರು ಮಾತ್ರ ಇದೆ, ಮೊದಲಿಗಿಂತ ತುಸು ಕಡಿದಾಗಿದೆ. ನಿನ್ನೆ ಅದರ ನಡುವೆ ನಿಂತಿದ್ದಾಗ ಹಿಂದಿನಿಂದ ಬಂದ ಮೊಮ್ಮಗಳು ಕೇಳಿದಳು: "ಎಂತ ಅಜ್ಜ, ನಿಂತುಬಿಟ್ರಾ?"

"ನಿಂತದ್ದಲ್ಲ ಮಗಾ, ನಿಲ್ಲಿಸಿದ್ದು" ಎಂದೆ.

ಅವಳು ಕೈಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ತನ್ನ ಕೈ ಚಾಚಿದಳು. ಹಿಡಿದುಕೊಂಡು ಅಂಗಳಕ್ಕೆ ಬಂದೆ. ನಮ್ಮ ಮನೆಯ ಕ್ರಮವೇ ಅದು.