ಡಿಜೆ ಅಂಕಲ್ಲರ ಎಡಗಿವಿ

ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಮೇಲಿತ್ತು. ಸುಮ್ಮನೆ ನಿಂತಾಗಲೂ ತಲೆ ಎಡಕ್ಕೆ ವಾಲಿರುತ್ತಿತ್ತು, ಯಾರೋ ಗುಟ್ಟು ಹೇಳುತ್ತಿದ್ದಾರೆ ಎಂಬಂತೆ. ಮೂವತ್ತು ವರ್ಷ ಹೆಡ್‌ಫೋನನ್ನು ಎಡಗಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ರೆಕಾರ್ಡು ತಿರುಗಿಸಿದ ಮೈ ಅದು. ದೆಹಲಿಯ ಹೋಟೆಲುಗಳ ಡಿಸ್ಕೋಗಳಲ್ಲಿ ಶುರುಮಾಡಿ, ಆಮೇಲೆ ಗುರುಗ್ರಾಮದ ನೆಲಮಾಳಿಗೆಗಳಲ್ಲಿ ಟೆಕ್ನೋ ಸಂಗೀತ ನುಡಿಸಿದವರು. ನಾನು ಅವರನ್ನು ಡಿಜೆ ಅಂಕಲ್ ಎಂದೇ ಕರೆಯುತ್ತಿದ್ದೆ.

ನಾನು ಕಿವಿ ಪರೀಕ್ಷೆ ಮಾಡುವವಳು, ಆಡಿಯಾಲಜಿಸ್ಟ್. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ಓಡಿಸಿ, ಅಮ್ಮ ನೂಲು ಸುತ್ತಿ ಓದಿಸಿದರು. ಇದನ್ನು ಕೇಳದವರಿಗೂ ಹೇಳುತ್ತೇನೆ. ಓದಿನ ಕೊನೆಯ ವರ್ಷದಲ್ಲಿ ಅಪ್ಪನನ್ನೇ ಕೂರಿಸಿ ಪರೀಕ್ಷೆ ಮಾಡಿ, "ಪರವಾಗಿಲ್ಲ, ಕಿವಿ ಚೆನ್ನಾಗೇ ಇದೆ" ಎಂದಿದ್ದೆ. ಅಂದಿನಿಂದ ಅಮ್ಮನಿಗೆ ಒಂದು ಬಲ ಬಂತು: "ಮಗಳೇ ಹೇಳವ್ಳೆ, ಕಿವಿ ಸರಿಯಾಗೈತೆ ಅಂತ. ಬೇಕಂತ್ಲೇ ಕೇಳುಸ್ಕೊಳಲ್ಲ ಈವಯ್ಯ!" ದಕ್ಷಿಣ ದೆಹಲಿಯ ಸಣ್ಣದೊಂದು ಕ್ಲಿನಿಕ್ಕಿನ ಗೋಡೆಯ ಮೇಲೆ ನನ್ನ ಸರ್ಟಿಫಿಕೇಟಿದೆ. ಅದರ ಧೂಳು ಒರೆಸುವುದು ನಾನೇ, ಆಯಾಗೆ ಬಿಡುವುದಿಲ್ಲ.

ಡಿಜೆ ಅಂಕಲ್ ಮೊದಲ ಸಲ ಬಂದಾಗ ನಾನು ಅಮ್ಮನ ಜೊತೆ ಫೋನಿನಲ್ಲಿ ಕೂಗಾಡುತ್ತಿದ್ದೆ. ಮಗ್ಗದ ಮನೆಯವರು ಮೆಲ್ಲಗೆ ಮಾತಾಡಲಾರೆವು.

"ಅರೆ! ನಮ್ಮ ಕಡೆಯವಳು!" ಎಂದು ಅವರು ಬಾಗಿಲಲ್ಲೇ ನಿಂತರು. ಅವರ ತಂದೆ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದವರು. ಇವರು ಹುಟ್ಟಿ ಬೆಳೆದದ್ದೆಲ್ಲ ಆರ್.ಕೆ.ಪುರಂ ಕ್ವಾರ್ಟರ್ಸಿನಲ್ಲಿ. "ಕನ್ನಡ ಓದಕ್ಕೆ ಬರಲ್ಲಮ್ಮ. ಮಾತು ಅಮ್ಮನ ಹತ್ರ ಕಲಿತದ್ದು, ಬೈಗುಳ ಸಮೇತ."

"ಬೈಗುಳ ಮಾತ್ರ ತಪ್ಪಿಲ್ಲದೆ ಬರುತ್ತೆ," ಎಂದರು ಜೊತೆಗಿದ್ದ ಅವರ ಹೆಂಡತಿ. ನಾನು ಅವರನ್ನು ಆಂಟಿ ಎಂದು ಕರೆಯತೊಡಗಿದೆ. ಗಂಡನ ಎಡಗಿವಿಯಲ್ಲಿ ಸದಾ ಗುಂಯ್ ಎನ್ನುತ್ತದೆಂದು ಎಳೆದು ತಂದಿದ್ದವರು ಅವರೇ.

"ಟೆಸ್ಟ್ ಮಾಡು ಡಾಕ್ಟ್ರಮ್ಮ."

"ನಾನು ಡಾಕ್ಟರ್ ಅಲ್ಲ ಅಂಕಲ್."

"ನಾನೂ ಎಂಜಿನಿಯರ್ ಅಲ್ಲ. ಆದ್ರೂ ನಮ್ಮಪ್ಪ ಇರೋವರೆಗೂ ಊರವರಿಗೆಲ್ಲ ಹಾಗೇ ಹೇಳಿದ್ರು, ಮಗ ಸೌಂಡ್ ಎಂಜಿನಿಯರ್ ಅಂತ. ಚಲೋ, ಶುರು ಮಾಡು."

ಸದ್ದು ಹೊಗದ ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು, ಕೈಗೆ ಗುಂಡಿ ಕೊಟ್ಟೆ. ಬೀಪ್ ಕೇಳಿದಾಗಲೆಲ್ಲ ಒತ್ತಬೇಕು. ಬೀಪ್ ಸಣ್ಣದಾಗುತ್ತ ಹೋಗುತ್ತದೆ. ಅವರು ಒತ್ತುತ್ತಲೇ ಹೋದರು. ಹೊರಗೆ ಬೆಂಚು ತುಂಬಿತ್ತು, ನನಗೂ ಅವಸರ. ಎರಡೂ ಕಿವಿ ವಯಸ್ಸಿಗೆ ತಕ್ಕಂತಿವೆ ಎಂದು ಬರೆದು ಸಹಿ ಹಾಕಿದೆ.

"ಮನೇಲಿ ಕೂಗಿದ್ರೆ ತಿರುಗೋದೇ ಇಲ್ವಲ್ಲ ಇವರು," ಎಂದರು ಆಂಟಿ.

"ನೋಡು, ಸಹಿ ಸಮೇತ ಇದೆ. ಕಿವಿ ಪಾಸು. ನಿನ್ನ ಮಾತು ಕೇಳ್ಬೇಕು ಅಂತ ಇದರಲ್ಲಿ ಬರೆದಿಲ್ಲ," ಎಂದು ಅಂಕಲ್ ರಿಪೋರ್ಟನ್ನು ಬೀಸಿಕೊಂಡರು. ನಾನೂ ನಕ್ಕೆ. ಆ ನಗು ಈಗಲೂ ಚುಚ್ಚುತ್ತದೆ.

ಆಮೇಲೆ ಭಾನುವಾರಗಳಂದು ಅವರ ಮನೆಯಲ್ಲಿ ನನಗೆ ಊಟ. ಆಂಟಿಗೆ ಸರ್ಕಾರಿ ನೌಕರಿಯಿಂದ ಬಂದ ಕಿದ್ವಾಯಿ ನಗರದ ಮನೆ, ಒಂದು ಕೋಣೆ ತುಂಬ ರೆಕಾರ್ಡು. ಅಂಕಲ್ ಎಲ್ಲವನ್ನೂ ನಾಲ್ಕರ ಲೆಕ್ಕದಲ್ಲಿ ಮಾಡುತ್ತಿದ್ದರು. ಚಹಾಕ್ಕೆ ರಸ್ಕ್ ಅದ್ದಿ ನಾಲ್ಕು ಎಣಿಸಿ ಎತ್ತುತ್ತಿದ್ದರು. ಲಿಫ್ಟಿನ ಮುಂದೆ ನಿಂತು ಬೆರಳಲ್ಲಿ ನಾಲ್ಕು ತಟ್ಟುತ್ತಿದ್ದರು. ತಮ್ಮ ಕೆಲಸವನ್ನೂ ನನಗೆ ತೋರಿಸಿಕೊಟ್ಟರು: ಒಂದು ರೆಕಾರ್ಡು ಜನರಿಗಾಗಿ ಓಡುತ್ತಿರುತ್ತದೆ. ಮುಂದಿನದು ಹೆಡ್‌ಫೋನಿನಲ್ಲಿ ಡಿಜೆಗೆ ಮಾತ್ರ ಕೇಳುತ್ತದೆ. ಎರಡರ ಏಟೂ ಒಂದೇ ಕಡೆ ಬೀಳುವಂತೆ ಹೊಂದಿಸಿ, ಮೆಲ್ಲಗೆ ಎರಡನೆಯದನ್ನು ಒಳಗೆ ಬಿಡಬೇಕು. ಹೊಂದದಿದ್ದರೆ ಏಟುಗಳು ಒಂದರ ಮೇಲೊಂದು ಮುಗ್ಗರಿಸಿ ಕುದುರೆ ಓಡಿದಂತೆ ಸದ್ದಾಗುತ್ತದೆ. ಅದಕ್ಕೆ ಅವರು "ಕುದುರೆ ಬಿಡೋದು" ಎನ್ನುತ್ತಿದ್ದರು. "ಹೊಸದು ಒಳಗೆ ಬರೋವಾಗ ಹಳೇದರ ಬಾಸ್, ಆ ದಪ್ಪ ಸದ್ದು, ತಗ್ಗಿಸ್ಬೇಕಮ್ಮ. ಇಬ್ರೂ ಕೂಗಿದ್ರೆ ಯಾರದೂ ಕೇಳಲ್ಲ." ಈ ಮಾತನ್ನು ನನಗೂ ಅಮ್ಮನಿಗೂ ಜಗಳವಾದಾಗಲೆಲ್ಲ ನೆನೆಸಿಕೊಂಡಿದ್ದೇನೆ.

ವರ್ಷ ಕಳೆದು ಒಂದು ಭಾನುವಾರ, ಊಟದ ನಡುವೆ, ಅಂಕಲ್ಲರ ಎಡಕ್ಕೇ ಇದ್ದ ಬಾಗಿಲಿನ ಗಂಟೆ ಹಕ್ಕಿಯಂತೆ ಚಿಲಿಪಿಲಿಗುಟ್ಟಿತು. ಎರಡು ಸಲ. ಅಂಕಲ್ ಅನ್ನ ಕಲಸುತ್ತಲೇ ಇದ್ದರು. ಆಂಟಿ ಎದ್ದುಹೋದರು. ಅದೇ ಹೊತ್ತಿಗೆ ಅಂಕಲ್ ಖುಷಿಯಿಂದ ನನಗೆ ಹೇಳಿದರು: "ನನ್ನ ಬೆರಳು ಕಿವಿಗಿಂತ ಮುಂದೆ ಹೋಗಿರುತ್ತೆ, ಗೊತ್ತಾ? ಮುಂದಿನ ಬೀಟ್ ಎಲ್ಲಿ ಬೀಳುತ್ತೆ ಅಂತ ಕೇಳೋದೇ ಬೇಡ."

ನಾನು ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ.

ಬೀಪ್‌ಗಳ ನಡುವಿನ ಅಂತರ ಒಂದೇ ಸಮ ಇರಬಾರದು. ಇದು ಮೊದಲ ವರ್ಷದ ಪಾಠ. ಅವಸರದಲ್ಲಿ ನಾನು ಸಮವಾಗಿಯೇ ಕೊಟ್ಟಿದ್ದೆ. ಅವರು ಕೇಳಿಸದಿದ್ದರೂ ನಾಲ್ಕು ಎಣಿಸಿ ಒತ್ತಿದ್ದರು, ತಾವು ಹಾಗೆ ಮಾಡುತ್ತಿದ್ದೇವೆಂಬ ಅರಿವೂ ಇಲ್ಲದೆ. ನನ್ನ ಸಹಿಯನ್ನು ನಂಬಿ ಒಂದು ವರ್ಷ ಸ್ಪೀಕರುಗಳ ಪಕ್ಕ ನಿಂತಿದ್ದರು. ಹೋದ ಕಿವಿ ಮರಳುವುದಿಲ್ಲ.

ಮೂರು ದಿನ ಯಾರಿಗೂ ಹೇಳಲಿಲ್ಲ. ಹೆದರಿದ್ದೆ, ಮುಚ್ಚಿಡುವುದೇಕೆ? ಕ್ಲಿನಿಕ್ಕಿನ ಒಡತಿ ಮೇಡಮ್ ಕೆಲಸದಿಂದ ತೆಗೆದರೆ ಊರಿಗೆ ಏನೆಂದು ಹೋಗಲಿ? ಸರ್ಟಿಫಿಕೇಟಿದ್ದ ಗೋಡೆಯ ಕಡೆ ನೋಡಲಾಗುತ್ತಿರಲಿಲ್ಲ. ಆದರೆ ಮುಂದಿನ ಶನಿವಾರ ಗುರುಗ್ರಾಮದಲ್ಲಿ ಟೆಕ್ನೋ ಕೂಟವಿತ್ತು. ಒಂದೇ ಕಾಲದಲ್ಲಿ ಶುರುಮಾಡಿದ ನಾಲ್ವರು ಹಳೆಯ ಡಿಜೆಗಳು ಒಟ್ಟಿಗೆ ನುಡಿಸುವವರಿದ್ದರು. ಅಂಕಲ್ ತಿಂಗಳಿಂದ ರೆಕಾರ್ಡು ಆರಿಸುತ್ತಿದ್ದರು. ನಾಲ್ಕನೆಯ ದಿನ ಫೋನ್ ಮಾಡಿ ಕರೆದೆ.

ಈ ಸಲ ಬೀಪ್‌ಗಳನ್ನು ಚದುರಿಸಿ ಕೊಟ್ಟೆ. ಒಮ್ಮೆ ಬೇಗ, ಒಮ್ಮೆ ಬಹಳ ತಡೆದು. ನಾನು ಏನೂ ಕೊಡದಿದ್ದಾಗಲೂ ಅವರು ನಾಲ್ಕಕ್ಕೆ ಒತ್ತಿದರು. ಬರಬರುತ್ತ ಬೆರಳು ತಡವರಿಸಿತು. ಆಮೇಲೆ ಅವರು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ ಕೂತರು. ಎಡಗಿವಿಯ ಗೆರೆ ಕಾಗದದ ಮೇಲೆ ಬಾವಿಗೆ ಇಳಿದಂತೆ ಇಳಿದಿತ್ತು.

"ತಪ್ಪು ನನ್ನದು ಅಂಕಲ್," ಎಂದು ಎಲ್ಲವನ್ನೂ ಹೇಳಿದೆ.

ಅವರು ಕಾಗದವನ್ನು ತಮ್ಮ ಕಡೆ ತಿರುಗಿಸಿ ನೋಡಿದರು. "ಬಲಗಿವಿ?"

"ಇನ್ನೂ ಇದೆ. ಶನಿವಾರ ಹೋಗಬೇಡಿ."

"ನಿಮ್ಮ ಮೇಡಮ್ಮಿಗೆ ಹೇಳಿದ್ಯಾ?"

ನಾನು ತಲೆಯಾಡಿಸಿದೆ, ಇಲ್ಲವೆಂದು.

"ಚಲೋ, ಮೊದಲು ಆ ಕೆಲಸ." ನನಗಿಂತ ಮುಂದೆ ಅವರೇ ಮೇಡಮ್ ಕೋಣೆಗೆ ನುಗ್ಗಿದರು. ನಾನು ತೊದಲುತ್ತ ಹೇಳಿ ಮುಗಿಸಿದೆ. ಮೇಡಮ್ ಮುಖ ಬಿಗಿಯಿತು. ಅಂಕಲ್ ಹಿಂದಿಯಲ್ಲಿ ಹೇಳಿದ್ದಿಷ್ಟು: "ತಪ್ಪು ಮಾಡಿದವರನ್ನ ತುಂಬ ನೋಡಿದೀನಿ ಮೇಡಮ್. ಫೋನ್ ಮಾಡಿ ವಾಪಸ್ ಕರೆದವಳು ಇವಳೊಬ್ಬಳೇ." ನನ್ನ ಕೆಲಸ ಉಳಿಯಿತು, ಲಿಖಿತ ಎಚ್ಚರಿಕೆಯೊಂದಿಗೆ.

ಶನಿವಾರದ ಮಾತಿಗೆ ಮಾತ್ರ ಅವರು ಬಗ್ಗಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಬಲಗಿವಿಯಲ್ಲಿ, ಸದ್ದು ತಗ್ಗಿಸಿ, ನಾನು ಕೊಟ್ಟ ಇಯರ್‌ಪ್ಲಗ್ ಹಾಕಿ ನುಡಿಸುವುದು. "ಒಂದೇ ಒಂದು ಕುದುರೆ ಬಿಟ್ರೆ ಇಳಿದುಬಿಡ್ತೀನಿ, ಆಮೇಲೆ ಹತ್ತಲ್ಲ. ಅಮ್ಮನಾಣೆ."

ಶನಿವಾರ ಸಂಜೆ ಆಂಟಿಯೂ ನಾನೂ ಗುರುಗ್ರಾಮದ ಆ ನೆಲಮಾಳಿಗೆಗೆ ಇಳಿದೆವು. ಕತ್ತಲು, ಒಂದೇ ಕೆಂಪು ದೀಪ. ನೆಲದಿಂದ ಏಟು ಕಾಲಿಗೆ ಹತ್ತುತ್ತಿತ್ತು, ಮಗ್ಗದ ಶೆಡ್ಡಿನಲ್ಲಿ ಹತ್ತುತ್ತಿದ್ದ ಹಾಗೆ. ಚಿಕ್ಕಂದಿನ ನೆನಪೆಲ್ಲ ಒಮ್ಮೆಗೇ ಮೈಗೆ ಬಂತು. ಅಂಕಲ್ ಬಲಗಿವಿಗೆ ಹೆಡ್‌ಫೋನು ಒತ್ತಿಕೊಂಡಿದ್ದರು. ಆ ಭುಜಕ್ಕೆ ಅಭ್ಯಾಸವಿಲ್ಲ, ಮತ್ತೆಮತ್ತೆ ಜಾರುತ್ತಿತ್ತು. ಪ್ರತಿ ಸಲ ರೆಕಾರ್ಡು ಬದಲಿಸುವಾಗ ಆಂಟಿ ನನ್ನ ಮಣಿಕಟ್ಟು ಹಿಡಿಯುತ್ತಿದ್ದರು. ಒಂದು ದಾಟಿತು. ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕುದುರೆ ಓಡಿತು.

ಎಣಿಸಿದರೆ ಐದಾರು ಏಟು ಅಷ್ಟೇ. ಅವರು ಸರಿಪಡಿಸಿದರು. ಕುಣಿಯುತ್ತಿದ್ದ ಹುಡುಗರಿಗೆ ಗೊತ್ತೂ ಆಗಲಿಲ್ಲ. ಬೇಕಿದ್ದರೆ ಇನ್ನೂ ಒಂದು ಗಂಟೆ ನುಡಿಸಬಹುದಿತ್ತು.

ಒಬ್ಬ ಡಿಜೆಯ ರೆಕಾರ್ಡು ಓಡುತ್ತಿರುವಾಗ ಇನ್ನೊಬ್ಬ ಅದನ್ನು ಮುಟ್ಟುವುದಿಲ್ಲ. ಅದು ಅವರಲ್ಲಿನ ಮರ್ಯಾದೆ. ಅಂಕಲ್ ಹಿಂದೆ ನಿಂತಿದ್ದ ಬೋಳುತಲೆಯ ಗೆಳೆಯನನ್ನು ಕೈಬೀಸಿ ಕರೆದು, ಹೆಡ್‌ಫೋನು ತೆಗೆದು ಅವನ ಕೊರಳಿಗೆ ಹಾಕಿದರು. "ಕ್ಯಾ ಹುವಾ ಉಸ್ತಾದ್?" ಎಂದ ಆತ, ಏನಾಯಿತೆಂದು ತಿಳಿಯದೆ. ಅಂಕಲ್ ತಮ್ಮ ರೆಕಾರ್ಡಿನ ಬಾಸನ್ನು ತಾವೇ ತಗ್ಗಿಸಿ, ಗೆಳೆಯನ ರೆಕಾರ್ಡು ಒಳಗೆ ಬರಲು ಜಾಗ ಮಾಡಿ ಇಳಿದರು.

ಮನೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ಅಂಕಲ್ ಮುಂದಿನ ಸೀಟಿನಲ್ಲಿದ್ದರು. ಮಹಿಪಾಲಪುರ ದಾಟಿದ ಮೇಲೆ ಹಿಂದಕ್ಕೆ ತಿರುಗಿದರು. ತಮ್ಮ ಬಗ್ಗೆ ಏನಾದರೂ ಹೇಳುತ್ತಾರೆಂದುಕೊಂಡೆ.

"ಡಾಕ್ಟ್ರಮ್ಮ, ನಿಮ್ಮಪ್ಪನ ಕಿವೀನೂ ನೀನೇ ಟೆಸ್ಟ್ ಮಾಡಿದ್ದೆ ಅಂದಿದ್ಯಲ್ಲ?"

"ಹೌದು ಅಂಕಲ್."

"ಮಗ್ಗ ಯಾವ ಬೀಟಲ್ಲಿ ಓಡುತ್ತೆ?"

ಮಗ್ಗ ಒಂದೇ ಸಮ ಓಡುತ್ತದೆ, ಬೆಳಗಿನಿಂದ ಸಂಜೆವರೆಗೆ.

ಹಬ್ಬಕ್ಕೆ ಊರಿಗೆ ಹೋದಾಗ ಗೆಳತಿಯೊಬ್ಬಳ ಕ್ಲಿನಿಕ್ಕಿನಲ್ಲಿ ಅಪ್ಪನನ್ನು ಕೂರಿಸಿದೆ. ಮೊದಲು ಅಪ್ಪನ ಬೆರಳು ಮಗ್ಗದಂತೆ ಒತ್ತಿತು. ನಾನು ತಡೆದೆ, ಚದುರಿಸಿದೆ, ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು. ಮಗಳನ್ನು ಫೇಲು ಮಾಡಿಸಿದೆನೇನೋ ಎಂಬ ಮುಖದಲ್ಲಿ ಅಪ್ಪ ಗಾಜಿನಾಚೆಯಿಂದ ನೋಡುತ್ತಿದ್ದ. ನಾನು ಬೀಪ್ ಕೊಡುತ್ತಲೇ ಇದ್ದೆ.

ಹೊರಗೆ ಬಂದು ಅಂಕಲ್‌ಗೆ ಫೋನ್ ಮಾಡಿದೆ. ಅಳು ಬಂದು ಸರಿಯಾಗಿ ಹೇಳಲಾಗಲಿಲ್ಲ, ಎರಡೆರಡು ಸಲ ಹೇಳಬೇಕಾಯಿತು.

"ಯಾವ ಕಿವಿ ಸ್ವಲ್ಪ ವಾಸಿ?" ಎಂದು ಕೇಳಿದರು ಅವರು.

"ಬಲಗಿವಿ."

"ಅಚ್ಛಾ. ಹಾಗಾದ್ರೆ ಬಲಗಡೆ ಹೋಗಿ ಕೂತ್ಕೊಂಡು ಮಾತಾಡು. ಮತ್ತೆ ನಿಮ್ಮಮ್ಮಂಗೆ ಹೇಳು, ನಿಮ್ಮಪ್ಪ ಬೇಕಂತ ಮಾಡ್ತಿರಲಿಲ್ಲ ಅಂತ. ಅದನ್ನ ಮೊದಲು ಹೇಳು."