ಕೊಂಡಿ ಹಾಕುತ್ತಿದ್ದ ಬೆರಳುಗಳು

ಇಂಥ ಸಂಗತಿಗಳನ್ನು ನಾನು ನಂಬಿದವನಲ್ಲ. ಅದನ್ನು ಓದುಗರಿಗೆ ಮೊದಲೇ ಹೇಳಿಬಿಡುವುದು ನ್ಯಾಯ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂಢನಂಬಿಕೆಯ ವಿರುದ್ಧ ವಾದಿಸುತ್ತಲೇ ಬೆಳೆದೆ. ಕಾರಣ ಹೇಳಲಾಗದ್ದನ್ನು ಸಭೆಯ ಮುಂದಿಡಬಾರದೆಂಬುದು ನನ್ನ ನಿಷ್ಠೆಯಾಗಿತ್ತು.

ಕೆಲವು ವರ್ಷಗಳ ಹಿಂದೆ ಬಾಗಲಕೋಟೆಯ ನವನಗರದಲ್ಲಿ ಅರಿವಳಿಕೆ ಮತ್ತು ತೀವ್ರ ನಿಗಾ ಚಿಕಿತ್ಸೆಯ ತರಬೇತಿಯಲ್ಲಿದ್ದೆ. ನಮ್ಮ ಘಟಕದೊಳಗೆ ಮನೆಯವರನ್ನು ಬಿಡುತ್ತಿರಲಿಲ್ಲ. ಇದು ಅಮಾನವೀಯವೆಂದು ಹಿರಿಯರೊಡನೆ ವಾದಿಸಿ, ಮಧ್ಯಾಹ್ನ ಸ್ವಲ್ಪ ಹೊತ್ತು ಒಬ್ಬರು ಒಳಬರಲು ಅನುಮತಿ ಪಡೆದೆ. ಹಾಗೆ ಮೊದಲು ಬಂದವರು ಇಳಕಲ್ಲಿನ ನೇಕಾರ ಸಂಗಪ್ಪನವರು. ಅವರ ಹೆಂಡತಿ ಈರವ್ವ ನ್ಯುಮೋನಿಯಾ ಉಲ್ಬಣಿಸಿ ವೆಂಟಿಲೇಟರಿನ ಮೇಲಿದ್ದರು. ನಿದ್ರೆಯ ಔಷಧದ ಜೊತೆಗೆ, ಸ್ನಾಯುಗಳನ್ನು ಪೂರ್ತಿ ನಿಶ್ಚಲಗೊಳಿಸುವ ಔಷಧವನ್ನೂ ಹರಿಸುತ್ತಿದ್ದೆವು.

“ಬದುಕ್ತಾಳಲ್ರಿ, ಸಾಹೇಬ್ರ?” ಎಂದು ಕೇಳಿದರು ಸಂಗಪ್ಪ.

“ನಮ್ಮ ಪ್ರಯತ್ನ ನಡದೈತ್ರಿ,” ಎಂದೆ.

“ಮಾತಾಡಸ್ರಿ ಕಾಕಾ,” ಎಂದರು ಹಾಸಿಗೆಯ ಪಕ್ಕದಲ್ಲಿದ್ದ ಸಿಸ್ಟರ್. “ಇವತ್ತರ ಅವ್ರು ತಿರುಗಿ ಬಯ್ಯೂದಿಲ್ಲ.”

“ಬೈದಿದ್ರ ಭಾಳ ಚಲೋ ಆಗ್ತಿತ್ತವಾ.”

ಅಷ್ಟರಲ್ಲಿ ಹೊದಿಕೆಯ ಮೇಲಿದ್ದ ಈರವ್ವನ ಬೆರಳುಗಳು ಆಡತೊಡಗಿದವು. ಏನನ್ನೋ ಹಿಡಿದು, ಮಡಚಿ, ಎಳೆಯುತ್ತಿದ್ದವು. ನಾನು ಔಷಧದ ಪಂಪು ನೋಡಿದೆ. ಔಷಧ ಸರಿಯಾಗಿಯೇ ಹರಿಯುತ್ತಿತ್ತು. ಮಣಿಕಟ್ಟಿನ ನರಕ್ಕೆ ಸಣ್ಣ ವಿದ್ಯುತ್ತು ಹಾಯಿಸಿ ಪರೀಕ್ಷಿಸಿದೆ, ಸ್ನಾಯು ಸ್ಪಂದಿಸಲಿಲ್ಲ; ಅಂದರೆ ಔಷಧ ಪೂರ್ತಿ ಹಿಡಿದಿತ್ತು. ಬೆರಳುಗಳು ಮಾತ್ರ ನಿಲ್ಲಲಿಲ್ಲ. ಸಿಸ್ಟರ್ ಕೂಡ ಅದನ್ನು ಕಂಡರು.

“ಕೊಂಡಿ ಹಾಕಾಕತ್ಯಾಳ್ರಿ!” ಎಂದರು ಸಂಗಪ್ಪ.

ಸೀರೆಯ ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವುದು ಇಳಕಲ್ ಮಗ್ಗದ ಅತಿ ನಾಜೂಕಿನ ಕೆಲಸ. ಗಂಡ ಹೆಂಡತಿ ಕೂಡಿ ಕೂತು ಅದನ್ನು ಮಾಡುತ್ತಿದ್ದರಂತೆ. ಈರವ್ವ ಕಾಯಿಲೆ ಬಿದ್ದಾಗ ಅದು ಅರ್ಧಕ್ಕೇ ನಿಂತಿತ್ತು. ಸಂಗಪ್ಪ ಸ್ಟೂಲು ಎಳೆದುಕೊಂಡು, ಆ ಬೆರಳುಗಳ ಎದುರು ತಮ್ಮ ಬೆರಳುಗಳನ್ನು ಒಡ್ಡಿ, ಇಲ್ಲದ ಎಳೆಗಳನ್ನು ಕೊಡತೊಡಗಿದರು.

“ತಗೋ… ಹಾಂ. ಗಡಬಡ ಮಾಡಬ್ಯಾಡ, ಎಳಿ ಹರೀತೈತಿ.”

ಸ್ವಲ್ಪ ಹೊತ್ತಿಗೆ ಬೆರಳುಗಳು ನಿಂತವು. ಸಂಗಪ್ಪನವರ ಮುಖ ಅರಳಿತು.

“ಮುಗೀತ್ರಿ! ಕೊಂಡಿ ಮುಗೀತಂದ್ರ ಇನ್ನ ನೇಯೂದಷ್ಟ. ಈಕಿ ಎದ್ದ ಬರ್ತಾಳ್ರಿ.”

ಅಲ್ಲಿಯವರೆಗೂ ಮಾನಿಟರಿನಲ್ಲಿ ಆತಂಕದ ಸೂಚನೆಯಿರಲಿಲ್ಲ. ಅವರು ಹೊರಗೆ ಹೋದ ತುಸು ಹೊತ್ತಿನಲ್ಲೇ ಈರವ್ವನ ಹೃದಯ ನಿಂತಿತು. ಎದೆ ಒತ್ತಿದೆವು, ಔಷಧ ಕೊಟ್ಟೆವು, ಮಿಡಿತ ಮರಳಲಿಲ್ಲ.

ನಾನು ಬಾಗಿಲು ತೆರೆದಾಗ ಸಂಗಪ್ಪ ಫೋನಿನಲ್ಲಿ ಮಗಳಿಗೆ ಹೇಳುತ್ತಿದ್ದರು: “ಅಳಬ್ಯಾಡವಾ, ನಿಮ್ಮವ್ವ ಕೈ ಆಡಿಸ್ಯಾಳ.”

ಆ ಮಾತು ಮುಗಿಯುವವರೆಗೆ ಕಾದು ನಿಂತೆ.

ಔಷಧ ವಿಫಲವಾಗಿತ್ತೆ? ಹಾಗಿದ್ದರೆ ನರದ ಪರೀಕ್ಷೆಗೆ ಕೈ ಏಕೆ ಸ್ಪಂದಿಸಲಿಲ್ಲ? ಎರಡೂ ಪಕ್ಷಗಳಿಂದ ವಾದಿಸಿ ನೋಡಿದ್ದೇನೆ, ಎರಡರಲ್ಲೂ ಸೋತಿದ್ದೇನೆ. ಇಂದು ನಾನೇ ಕಿರಿಯ ವೈದ್ಯರಿಗೆ ತರಬೇತಿ ಕೊಡುತ್ತೇನೆ. ನಿಶ್ಚಲಗೊಳಿಸಿದ ರೋಗಿಯ ಕೈಗಳನ್ನು ಹೊದಿಕೆಯೊಳಗೆ ಮುಚ್ಚಬೇಡಿ ಎಂದು ತಪ್ಪದೆ ಹೇಳುತ್ತೇನೆ.

“ಯಾಕ್ರಿ ಸರ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಾರಣ ಕೊಡದೆ ಮುಂದಿನ ಹಾಸಿಗೆಗೆ ನಡೆಯುತ್ತೇನೆ.