ನೀರು ನುಗ್ಗದ ಕೊಳವೆ

ಐವತ್ತರ ದಶಕದ ಕೊನೆಗೆ ಪುತ್ತೂರಿನಲ್ಲಿ ನನ್ನದೊಂದು ಪಂಪು ರಿಪೇರಿಯ ಅಂಗಡಿಯಿತ್ತು. ಕೈಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು. ಒಂದು ಬೇಸಿಗೆಯಲ್ಲಿ ಪೆರಾಬೆಯವರೊಬ್ಬರಿಗೆ ಡೀಸೆಲ್ ಎಂಜಿನ್ ತಲುಪಿಸಲು ಸವಣೂರಿನ ಆಚೆ ದೋಣಿಯಲ್ಲಿ ಕುಮಾರಧಾರೆ ದಾಟುತ್ತಿದ್ದೆ. ನಡುಹೊಳೆಯಲ್ಲಿ ದೋಣಿ ಓಲಾಡಿತು, ಎಂಜಿನ್ ಜಾರಿ ಮಡುವಿಗೆ ಬಿತ್ತು. ಅದನ್ನು ಹಗ್ಗದಿಂದ ಕಟ್ಟಿದವನು ನಾನೇ. ಆದರೆ ದಡ ಸೇರಿದ್ದೇ ತಡ, ನನ್ನ ಬಾಯಿ ಮುಂದೆ ಓಡಿತು.

"ಅಜ್ಜ ದೋಣಿಯನ್ನು ಬಂಡೆಗೆ ತಾಗಿಸಿದ್ರು. ಹಗ್ಗ ತುಂಡಾಯ್ತು. ನನ್ನ ಗಂಟು ಬಿಚ್ಚುದುಂಟಾ?"

ಅಜ್ಜ ಎಂದರೆ ಆ ಕಡವಿನಲ್ಲಿ, ಹೊಳೆ ದಾಟುವ ಆ ಜಾಗದಲ್ಲಿ, ದೋಣಿ ನಡೆಸುತ್ತಿದ್ದ ಮುದುಕರು. ಬಂಡೆ ತಾಗಲೇ ಇಲ್ಲ ಎಂದು ಅವರು ಹೇಳಿದರು. ಊರವರು ನನ್ನನ್ನು ನಂಬಿದರು. ಎಂಜಿನ್ ಬಲ್ಲವನು ಎಲ್ಲ ಬಲ್ಲ ಎಂದು ಜನ ತಿಳಿಯುತ್ತಿದ್ದ ಕಾಲ ಅದು. ಅಜ್ಜನ ಕೈಯಿಂದ ಹುಟ್ಟು ಕಸಿದು ಬೇರೊಬ್ಬನಿಗೆ ಕೊಟ್ಟರು.

ಎಂಜಿನ್ ಮಾತ್ರ ಎತ್ತಲೇಬೇಕಿತ್ತು. ಬಾವಿಗೆ ಬಿದ್ದ ಕೊಡಪಾನವನ್ನು ಮುಳುಗಿ ತೆಗೆಯುವುದರಲ್ಲಿ ನನ್ನ ಅಕ್ಕನ ಗಂಡ ಪಳಗಿದವರು. ನಾವು ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. ಅವರು ಎರಡು ಸಲ ಮುಳುಗಿ ಬರಿಗೈಯಲ್ಲಿ ಬಂದರು.

"ಭಾವ, ಅಡಿಯಲ್ಲಿ ಎಂತದೂ ಕಾಣುದಿಲ್ಲ. ಬೆಳಕಿಲ್ಲದೆ ಸರಪಳಿ ಎಲ್ಲಿಗೆ ಸಿಕ್ಕಿಸುದು?"

ನಾನು ಒಂದು ಮೊಳ ಕಬ್ಬಿಣದ ಪೈಪು ಕೊಯ್ದು ಒಂದು ತುದಿಯನ್ನು ಬೆಸುಗೆ ಹಾಕಿ ಮುಚ್ಚಿದೆ. ಇನ್ನೊಂದು ತುದಿಯ ಅಂಚಿಗೆ ಲಾರಿ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಬಳೆ, ಮೇಲೆ ದಪ್ಪ ಗಾಜು, ಗಾಜನ್ನು ಹಿಡಿಯಲು ಕಬ್ಬಿಣದ ಉಂಗುರ, ಆರು ಬೋಲ್ಟು. ಒಳಗೆ ಟಾರ್ಚು ಉರಿಸಿಡಬೇಕು. ಅದು ಹಾಳಾಗಬಾರದೆಂದು ಮೊದಲು ಸುಟ್ಟ ಹಲಸಿನ ಹಪ್ಪಳದ ತುಂಡು ಹಾಕಿ ಬಾವಿಗೆ ಇಳಿಸಿ ನೋಡಿದೆ. ಹಪ್ಪಳ ಮೆತ್ತಗಾದರೆ ನೀರು ಹೋಗಿದೆ ಎಂದೇ ಅರ್ಥ.

ಮೊದಲ ಸಲ ಒಂದಾದ ಮೇಲೊಂದು ಬೋಲ್ಟನ್ನು ಹಲ್ಲು ಕಚ್ಚಿ ಬಿಗಿದೆ. ಗಾಜು ಒಂದು ಬದಿಗೆ ಓರೆಯಾಯಿತು, ರಬ್ಬರ್ ಹಿಂಡಿಕೊಂಡು ಹೊರಗೆ ಬಂತು. ಹಪ್ಪಳ ಅಂಬಲಿಯಾಯಿತು. ಎರಡನೆಯ ಸಲ ಸಂದಿಗೆ ಹಲಸಿನ ಮೇಣ ಮೆತ್ತಿದೆ. ಕೈಗೆ ತೆಂಗಿನೆಣ್ಣೆ ಸವರದೆ ಹಲಸು ಮುಟ್ಟುವ ಅಭ್ಯಾಸ ನಮ್ಮಲ್ಲಿ ಯಾರಿಗಿದೆ? ಆ ಎಣ್ಣೆ ಗಾಜಿಗೂ ಹತ್ತಿ ಮೇಣ ಹಿಡಿಯಲೇ ಇಲ್ಲ.

"ಬುದ್ಧಿಗೂ ಎಣ್ಣೆ ಹಚ್ಚಿಕೊಂಡಿದ್ದಿಯಾ ಮಾರಾಯ?" ಎಂದು ಅಕ್ಕ ನಕ್ಕಳು. ನಾನು ಸ್ಪಾನರನ್ನು ಅಂಗಳಕ್ಕೆ ಎಸೆದೆ.

ಅದನ್ನು ಹೆಕ್ಕಿಕೊಂಡು ಬರುವಾಗ ತಲೆ ಸ್ವಲ್ಪ ತಣ್ಣಗಾಗಿತ್ತು. ಆಳಕ್ಕೆ ಇಳಿದಷ್ಟೂ ನೀರೇ ಗಾಜನ್ನು ಒಳಕ್ಕೆ ಒತ್ತುತ್ತದೆ. ಹಾಗಿದ್ದ ಮೇಲೆ ಬೋಲ್ಟಿಗೆ ಅಷ್ಟು ಜೋರು ಬೇಕಿಲ್ಲ, ಗಾಜು ಸಮನಾಗಿ ಕುಳಿತರೆ ಸಾಕು. ಎಣ್ಣೆ, ಮೇಣ ಎಲ್ಲ ಒರೆಸಿ, ಹೊಸ ರಬ್ಬರ್ ಇಟ್ಟು, ಎದುರುಬದುರಿನ ಬೋಲ್ಟುಗಳನ್ನು ಜೋಡಿ ಜೋಡಿಯಾಗಿ ಕಾಲು ಸುತ್ತಿನಷ್ಟೇ ತಿರುಗಿಸುತ್ತ ಹೋದೆ. ಈ ಸಲ ಬಾವಿಯಿಂದ ಬಂದ ಹಪ್ಪಳವನ್ನು ಭಾವ ಬಾಯಿಗೆ ಹಾಕಿದರು. ಕುರುಕುರು ಸದ್ದು ಕೇಳಿ ನನಗೆ ಕುಣಿಯುವಷ್ಟು ಖುಷಿಯಾಯಿತು.

ಮರುದಿನ ಭಾವ ಆ ಬೆಳಕು ಹಿಡಿದು ಮಡುವಿಗೆ ಮುಳುಗಿದರು. ಮೂರನೆಯ ಸಲ ಸರಪಳಿ ಸಿಕ್ಕಿಸಿ ಮೇಲೆ ಬಂದವರು ನನ್ನನ್ನು ಮಾತ್ರ ಬದಿಗೆ ಕರೆದರು.

"ಭಾವ, ಹಗ್ಗ ತುಂಡಾಗಲಿಲ್ಲ. ಎಳೆ ಬಿಡದ ಹಾಗೆ ತುದಿಗೆ ನೀವು ಸುತ್ತಿದ ನೂಲು ಹಾಗೇ ಉಂಟು. ಬಿಚ್ಚಿದ್ದು ಗಂಟು."

ಎಂಜಿನ್ ದಡಕ್ಕೆ ಬಂದಾಗ ನಾನೂ ನೋಡಿದೆ. ಹೌದು. ಆ ಗದ್ದಲದಲ್ಲಿ ಹಗ್ಗದ ಕಡೆಗೆ ಯಾರ ಗಮನವೂ ಹೋಗಲಿಲ್ಲ, ಸುಮ್ಮನಿದ್ದರೆ ಮುಗಿಯುತ್ತಿತ್ತು. ನಾಚಿಕೆಯಿಂದ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅಜ್ಜನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದರು.

"ತಪ್ಪು ನನ್ನದು ಅಜ್ಜ. ಗಂಟು ಬಿಚ್ಚಿದ್ದು."

ಅವರು ತಲೆ ಎತ್ತಲಿಲ್ಲ. "ಅದು ನನಗೆ ಅವತ್ತೇ ಗೊತ್ತುಂಟು. ನನ್ನ ಹತ್ರ ಹೇಳುದು ಎಂತಕ್ಕೆ? ಕಡವಿಗೆ ಹೋಗಿ ಹೇಳು."

ಕಡವಿನಲ್ಲಿ ಹತ್ತು ಹನ್ನೆರಡು ಮಂದಿ ದೋಣಿಗೆ ಕಾಯುತ್ತಿದ್ದರು. ಹೇಳಿದೆ. ಹೊಸ ದೋಣಿಯವನು ಕೆಳಗಿಳಿದು ಬಂದು ಹುಟ್ಟನ್ನು ನನ್ನ ಕೈಯಲ್ಲಿಟ್ಟ.

"ಅಜ್ಜನಿಂದ ತಕ್ಕೊಂಡದ್ದು ನೀವಲ್ವಾ," ಎಂದ. "ನೀವೇ ಕೊಂಡುಹೋಗಿ ಕೊಡಿ."